ಮಗಳು ಕೈ ಎತ್ತುವುದನ್ನು ಏಕೆ ನಿಲ್ಲಿಸಿದಳು?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಪತಿಯ ಉದ್ಯೋಗದ ಕಾರಣ ಐದು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. 14 ವರ್ಷದ ಮಗಳು ಇಲ್ಲಿನ ಗಿಮ್ನಾಸಿಯುಮ್ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ಮೊದಲೆಲ್ಲ ಶಿಕ್ಷಕರು ಪ್ರಶ್ನೆ ಕೇಳಿ ಮುಗಿಸುವ ಮುನ್ನವೇ ಕೈ ಎತ್ತುತ್ತಿದ್ದವಳು ಈ ವರ್ಷ ಬಾಯಿಯನ್ನೇ ಬಿಡುತ್ತಿಲ್ಲವಂತೆ. ಕೇಳಿದರೆ, ‘ಎಲ್ಲರೂ ನನ್ನನ್ನು ಸ್ಟ್ರೇಬರಿನ್ ಎನ್ನುತ್ತಾರೆ’ ಎಂದಳು. ಅತಿಯಾಗಿ ಓದುವವಳು ಎಂದು ಹಂಗಿಸುವ ಜರ್ಮನ್ ಪದವಂತೆ ಅದು. ಗಣಿತದಲ್ಲಿ 1 ಬಂದಾಗ ಉತ್ತರಪತ್ರಿಕೆಯನ್ನು ಮಡಚಿ ಚೀಲದೊಳಗೆ ಹಾಕಿಕೊಂಡು ಗೆಳತಿಯರಿಗೆ 3 ಬಂತೆಂದು ಹೇಳಿದ್ದಾಳೆ. ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣನ ಮಗನಿಗೂ ಇದೇ ವಯಸ್ಸು. ಅವನು ಒಂದು ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಪಡೆದಾಗ ಬೀದಿಯಲ್ಲಿ ಫ್ಲೆಕ್ಸ್ ಕಟ್ಟಿದರು. ‘ಹೊಟ್ಟೆಕಿಚ್ಚಿನವರು ಏನೋ ಅನ್ನುತ್ತಾರೆ, ತಲೆ ಕೆಡಿಸಿಕೊಳ್ಳಬೇಡ’ ಎಂದು ಪತಿ ಹೇಳುತ್ತಾರೆ. ಇದು ಈ ದೇಶದ ಗುಣವೇ? ಊರಿನಲ್ಲೇ ಇದ್ದಿದ್ದರೆ ಅವಳು ಹೀಗಾಗುತ್ತಿರಲಿಲ್ಲವೇ? ಗಂಡು ಮಗುವಾಗಿದ್ದರೆ? ಅಂಕ ಮುಚ್ಚಿಡು ಎಂದು ನಾನೇ ಹೇಳಬೇಕೇ? ಅವಳನ್ನು ಹೆಚ್ಚು ಕಾಡುವ ಹುಡುಗನ ತಾಯಿಗೆ ಪತ್ರ ಬರೆಯಬೇಕೆಂದೂ ಅನ್ನಿಸುತ್ತಿದೆ.

ಉತ್ತರ: ಮೊದಲು ಆ ಸುಳ್ಳನ್ನೇ ಕೈಗೆತ್ತಿಕೊಳ್ಳುತ್ತೇನೆ. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ತೀರಾ ಕಳಪೆ. ಇದು ನಿಮಗೆ ಗೊತ್ತಿರುವುದೇ. ಉಳಿದ ಓದುಗರಿಗಾಗಿ ಹೇಳಿದೆ. ನಿಮ್ಮ ಮಗಳು 1 ತೆಗೆದುಕೊಂಡು 3 ಎಂದಳು. 5 ಎನ್ನಲಿಲ್ಲ, ಗಮನಿಸಿ. ದಡ್ಡಿ ಎನ್ನಿಸಿಕೊಳ್ಳುವ ಆಸೆ ಅವಳಿಗಿಲ್ಲ. ಗುಂಪಿನ ನಡುವೆ ಯಾರ ಕಣ್ಣಿಗೂ ಬೀಳದ ಜಾಗವೊಂದು ಅವಳಿಗೆ ಬೇಕು, ಮತ್ತು ಆ ಜಾಗ ಎಲ್ಲಿದೆ ಎಂದು ಅವಳು ಕರಾರುವಾಕ್ಕಾಗಿ ಲೆಕ್ಕ ಹಾಕಿದ್ದಾಳೆ. ಗಣಿತದಲ್ಲಿ 1 ಬಂದದ್ದು ಸುಮ್ಮನೆ ಅಲ್ಲ.

ಈಗ ಹುಬ್ಬಳ್ಳಿಗೆ ಬನ್ನಿ. ಪರೀಕ್ಷೆಯ ಬೆಳಿಗ್ಗೆ ಯಾವುದೇ ಶಾಲೆಯ ಗೇಟಿನ ಬಳಿ ಹತ್ತು ನಿಮಿಷ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ನಾನು ಏನೂ ಓದಿಯೇ ಇಲ್ಲ.’ ಹಾಗೆ ಹೇಳುವವಳು ಬಹುಪಾಲು ತರಗತಿಗೇ ಮೊದಲಿಗಳು. ನಾಲ್ಕು ಗಂಟೆಗೆ ಎದ್ದು ಇಡೀ ಪುಸ್ತಕವನ್ನು ಮೂರನೇ ಬಾರಿ ತಿರುವಿ ಹಾಕಿ ಬಂದವಳು. ನಮ್ಮ ಶಾಲೆಗಳಲ್ಲಿ ಅಂಕ ಬಚ್ಚಿಡುವುದಕ್ಕೆ ಬರುವುದಿಲ್ಲ. ಶಿಕ್ಷಕರು ಗಟ್ಟಿಯಾಗಿ ಓದುತ್ತಾರೆ, ಸೂಚನಾ ಫಲಕಕ್ಕೆ ಅಂಟಿಸುತ್ತಾರೆ, ಪಕ್ಕದ ಮನೆಯವರು ಕೇಳಿ ತಿಳಿದುಕೊಳ್ಳುತ್ತಾರೆ. ಅಂಕ ಬಯಲಾಗುವ ಊರಿನಲ್ಲಿ ಮಕ್ಕಳು ಪಟ್ಟ ಶ್ರಮವನ್ನು ಬಚ್ಚಿಡುತ್ತಾರೆ. ಸ್ಟುಟ್‌ಗಾರ್ಟ್‌ನಲ್ಲಿ ಅಂಕವನ್ನೂ ಮಡಚಿಡಬಹುದು, ಆದ್ದರಿಂದ ನಿಮ್ಮ ಮಗಳು ಎರಡನ್ನೂ ಮಡಚಿಟ್ಟಳು. ‘ಊರಿನಲ್ಲೇ ಇದ್ದಿದ್ದರೆ’ ಎಂಬ ನಿಮ್ಮ ಕೊರಗಿಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಅವಳಿಗೆ ಬಿದ್ದ ಬೈಗುಳವನ್ನು ಸ್ವಲ್ಪ ಬಿಡಿಸಿ ನೋಡೋಣ. ‘ಸ್ಟ್ರೇಬರ್’ ಬಂದಿರುವುದು ಪ್ರಯಾಸಪಡು, ಹಾತೊರೆ ಎಂಬ ಅರ್ಥದ ಕ್ರಿಯಾಪದದಿಂದ. ‘ಸ್ಟ್ರೇಬರಿನ್’ ಅದರ ಸ್ತ್ರೀಲಿಂಗ ರೂಪ. ಬುದ್ಧಿವಂತೆ ಎಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ. ಮೇಲೆ ಹೋಗಲು ಮೈಮುರಿಯುವವಳು, ಶಿಕ್ಷಕರ ಮೆಚ್ಚುಗೆಗಾಗಿ ಹಲ್ಲುಗಿಂಜುವವಳು ಎಂಬ ವಾಸನೆ ಇದೆ. ಇಂಗ್ಲೆಂಡಿನ ಮಕ್ಕಳು ಹೇಳುವ ‘ಸ್ವಾಟ್’ ಎಂಬ ಪದ ‘ಬೆವರು’ ಎಂಬುದರ ರೂಪಾಂತರ. ನಮ್ಮ ‘ಪುಸ್ತಕದ ಹುಳು’, ಬೆಂಗಳೂರು, ಮೈಸೂರಿನ ಕಡೆಯ ಕಾಲೇಜು ಮಕ್ಕಳ ‘ಕುಡುಮಿ’ ಕೂಡ ಅದೇ ಜಾತಿಯವು. ಇವುಗಳಲ್ಲಿ ಯಾವುದೂ ಜಾಣತನವನ್ನು ಹಂಗಿಸುವುದಿಲ್ಲ. ಓದದೆಯೇ ನೂರು ತೆಗೆಯುವ ಹುಡುಗನನ್ನು ಯಾವ ದೇಶದಲ್ಲೂ ಕುಡುಮಿ ಎನ್ನುವುದಿಲ್ಲ. ಅವನ ಬಗ್ಗೆ ದಂತಕಥೆಗಳು ಹುಟ್ಟುತ್ತವೆ. ಬೈಗುಳ ಬೀಳುವುದು ಕಣ್ಣಿಗೆ ಕಾಣುವ ದುಡಿಮೆಯ ಮೇಲೆ.

ಕಾರಣವೇನು? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಬಿಷಪ್ ಇದಕ್ಕೆ ಕೊಟ್ಟ ವಿವರಣೆ ಮನಶ್ಶಾಸ್ತ್ರದವಳಾದ ನನಗೆ ಮೊದಲು ತೀರಾ ವ್ಯಾಪಾರಿ ಲೆಕ್ಕಾಚಾರದಂತೆ ಕಂಡಿತ್ತು. ಈಗ ಅದನ್ನೇ ಹೆಚ್ಚು ನಂಬುತ್ತೇನೆ. ಒಂದು ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ದಿನಕ್ಕೆ ನೂರು ಬಿಡಿಭಾಗ ಮಾಡಿದರೆ ಮಾಲೀಕ ಎಲ್ಲರಿಂದಲೂ ನೂರನ್ನು ಕೇಳುತ್ತಾನೆ. ಆದ್ದರಿಂದ ಉಳಿದವರು ಅವನ ಕೈಯನ್ನು ತಡೆಯುತ್ತಾರೆ. ಶಿಕ್ಷಕರು ಅದೇ ಕೋಣೆಯ ಮಕ್ಕಳನ್ನು ಪರಸ್ಪರ ಹೋಲಿಸಿ ಅಂಕ ಕೊಡುವ ತರಗತಿಯಲ್ಲೂ ಹೀಗೆಯೇ: ಒಬ್ಬಳು ಹೆಚ್ಚು ಓದಿದರೆ ಉಳಿದವರ ಸ್ಥಾನ ಇಳಿಯುತ್ತದೆ. ಅವಳನ್ನು ಗೇಲಿ ಮಾಡುವುದು ಗುಂಪಿನ ಪಾಲಿಗೆ ಒಂದು ಬಗೆಯ ಮುಷ್ಕರ. ಪರೀಕ್ಷೆ ಹೊರಗಿನಿಂದ ಬಂದು, ಯಾರೋ ಅಪರಿಚಿತರು ಮೌಲ್ಯಮಾಪನ ಮಾಡುವಾಗ ಈ ಲೆಕ್ಕ ಬದಲಾಗುತ್ತದೆ. ಆಗ ಪಕ್ಕದ ಬೆಂಚಿನವಳ ಅಂಕ ನನ್ನ ಅಂಕವನ್ನು ತಿನ್ನುವುದಿಲ್ಲ. ಅವಳ ನೋಟ್ಸ್ ನನಗೆ ಉಪಯೋಗಕ್ಕೇ ಬರುತ್ತದೆ.

ನಿಮ್ಮ ಅಣ್ಣನ ಮಗನ ಬೀದಿಯ ಫ್ಲೆಕ್ಸ್ ಅರ್ಥವಾಗುವುದು ಈ ಬೆಳಕಿನಲ್ಲಿ. ಎಸ್ಸೆಸ್ಸೆಲ್ಸಿಯಾಗಲಿ, ಪಿಯುಸಿಯಾಗಲಿ, ಸಿಇಟಿ, ಜೆಇಇ, ನೀಟ್ ಆಗಲಿ, ಹೊರಗಿನ ಪರೀಕ್ಷೆಗಳು. ಅವನ ಪ್ರತಿಸ್ಪರ್ಧಿಗಳು ಲಕ್ಷಗಟ್ಟಲೆ ಇದ್ದಾರೆ, ಆದರೆ ರಾಜಸ್ಥಾನದ ಕೋಟಾದಲ್ಲೋ ಹೈದರಾಬಾದಿನಲ್ಲೋ ಇದ್ದಾರೆ, ಮುಖ ಕಾಣದವರು. ಅವನ ತರಗತಿಯ ಹುಡುಗರಿಗೆ ಅವನು ಶತ್ರುವಲ್ಲ, ನಮ್ಮ ಶಾಲೆಯ ಹೆಸರು ತಂದವನು, ಪರೀಕ್ಷೆಯ ಹಿಂದಿನ ರಾತ್ರಿ ಫೋನು ಮಾಡಿದರೆ ಲೆಕ್ಕ ಬಿಡಿಸಿಕೊಡುವವನು. ನಿಮ್ಮ ಮಗಳ ಶಾಲೆಯಲ್ಲಿ ಬಹುಪಾಲು ಅಂಕ ಕೊಡುವವರು ಎದುರಿಗೆ ನಿಂತ ಶಿಕ್ಷಕರು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಬಾಯಿಮಾತಿನ ಭಾಗವಹಿಸುವಿಕೆಗೂ ಅಂಕವಿದೆ. ಅಂದರೆ ಕೈ ಎತ್ತುವುದು ಉತ್ತರ ಗೊತ್ತು ಎಂಬುದರ ಗುರುತು ಮಾತ್ರವಲ್ಲ. ಇಪ್ಪತ್ತೈದು ಮಂದಿಯ ಮುಂದೆ ಅಂಕ ಗಳಿಸುವ ಕ್ರಿಯೆ ಅದು, ಶಿಕ್ಷಕರನ್ನು ಮೆಚ್ಚಿಸುವ ಕ್ರಿಯೆಯೂ ಹೌದು. ಸ್ಟ್ರೇಬರ್ ಎಂಬ ಪದಕ್ಕೆ ಇದಕ್ಕಿಂತ ಫಲವತ್ತಾದ ನೆಲ ಬೇಕೇ? ಅವಳು ಸುಮ್ಮನಾದರೆ ನಷ್ಟ ನೇರವಾಗಿ ಅಂಕಪಟ್ಟಿಯಲ್ಲೇ ಆಗುತ್ತದೆ ಎಂಬುದನ್ನೂ ಮರೆಯಬೇಡಿ.

ಎಲ್ಲರ ಮುಂದೆ ಕಾಣಿಸಿಕೊಳ್ಳುವುದೇ ಎಷ್ಟು ಭಾರ ಎಂಬುದನ್ನು ತೋರಿಸಿದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಲಿಯೊನಾರ್ಡೊ ಬರ್ಸ್ಟೀನ್ ಮತ್ತು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಪ್ರಕಟಿಸಿದ್ದು. ಲಾಸ್ ಏಂಜಲೀಸ್‌ನ ಕಡಿಮೆ ಆದಾಯದ ಬಡಾವಣೆಗಳ ಪ್ರೌಢಶಾಲೆಗಳಲ್ಲಿ, ಕಾಲೇಜು ಪ್ರವೇಶ ಪರೀಕ್ಷೆಗೆ ಉಚಿತ ತರಬೇತಿ ಬೇಕೇ ಎಂದು ಕೇಳುವ ಅರ್ಜಿಯನ್ನು ಹಂಚಿದರು. ಕೆಲವು ಅರ್ಜಿಗಳಲ್ಲಿ ‘ನಿಮ್ಮ ನಿರ್ಧಾರ ಯಾರಿಗೂ, ಸಹಪಾಠಿಗಳಿಗೂ, ತಿಳಿಯುವುದಿಲ್ಲ’ ಎಂಬ ಅರ್ಥದ ಸಾಲಿತ್ತು. ಉಳಿದವುಗಳಲ್ಲಿ ಸಹಪಾಠಿಗಳಿಗೆ ತಿಳಿಯಬಹುದು ಎಂಬ ಸೂಚನೆ. ವ್ಯತ್ಯಾಸವೆಂದರೆ ಇಷ್ಟೇ. ಸಾಮಾನ್ಯ ತರಗತಿಗಳಲ್ಲಿ, ಸಹಪಾಠಿಗಳಿಗೆ ತಿಳಿಯುತ್ತದೆ ಎಂದಾಗ ಬೇಕು ಎಂದವರ ಪ್ರಮಾಣ 11 ಶೇಕಡಾಂಶ ಕುಸಿಯಿತು. ಮುಂದುವರಿದ ಮಟ್ಟದ ತರಗತಿಗಳಲ್ಲಿ ಆ ಕುಸಿತ ಕಾಣಲಿಲ್ಲ. ಎರಡೂ ಬಗೆಯ ತರಗತಿಗಳಲ್ಲಿ ಕೂರುವ ಮಕ್ಕಳೂ ಇದ್ದರು. ಅದೇ ಮಗು ಜಾಣರ ನಡುವೆ ಕುಳಿತಾಗ ಒಂದು ಉತ್ತರ ಕೊಟ್ಟಿತು, ಸಾಮಾನ್ಯ ತರಗತಿಯಲ್ಲಿ ಕುಳಿತಾಗ ಇನ್ನೊಂದು.

ಅವರದೇ ಅಧ್ಯಯನದ ಎರಡನೆಯ ಭಾಗ ಇನ್ನೂ ಚುಚ್ಚುವಂಥದ್ದು. ಕಂಪ್ಯೂಟರ್ ಮೂಲಕ ಪಾಠ ನಡೆಯುತ್ತಿದ್ದ ಶಾಲೆಗಳಲ್ಲಿ ಮುಂದಿರುವವರ ಹೆಸರುಗಳನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಜಾರಿಗೆ ಬಂತು. ಪ್ರೋತ್ಸಾಹ ಸಿಗಲಿ ಎಂಬ ಸದುದ್ದೇಶ. ಒಟ್ಟು ಸಾಧನೆ ಶೇಕಡಾ 24ರಷ್ಟು ಇಳಿಯಿತು. ಹೆಚ್ಚು ಇಳಿದವರು ಮೊದಲಿನಿಂದ ಮುಂದಿದ್ದವರೇ. ಹೆಸರು ಬರುವ ಅಪಾಯ ಇದ್ದದ್ದು ಅವರಿಗೇ ತಾನೆ. ರ‍್ಯಾಂಕ್ ಪಟ್ಟಿಯನ್ನು ಗೋಡೆಗೆ ಅಂಟಿಸುವ ನಮ್ಮ ಮುಖ್ಯೋಪಾಧ್ಯಾಯರಿಗೆ ನಾನು ಇದನ್ನು ಹೇಳಿದಾಗಲೆಲ್ಲ ‘ಅದು ಅಮೆರಿಕ’ ಎಂದು ನಗುತ್ತಾರೆ.

ಅದು ಅಮೆರಿಕ, ಇದು ಜರ್ಮನಿ, ನಾವು ಬೇರೆ ಎಂಬ ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪೂರ್ವದವರು ಸಾಧಕರನ್ನು ಗೌರವಿಸುತ್ತಾರೆ, ಪಶ್ಚಿಮದವರು ಗೇಲಿ ಮಾಡುತ್ತಾರೆ ಎಂಬುದು ವಿದೇಶದಲ್ಲಿರುವ ನಮ್ಮವರು ಭಾನುವಾರದ ಊಟದ ನಂತರ ಆಡುವ ಮಾತು. ಆಸ್ಟ್ರೇಲಿಯಾದವರು ತಮ್ಮಲ್ಲೇ ಈ ರೋಗ ಹೆಚ್ಚು ಎಂದು ನಂಬಿದ್ದರು. ಉದ್ದ ಬೆಳೆದ ಗಸಗಸೆ ಗಿಡವನ್ನು ಕತ್ತರಿಸುವುದು ಎಂಬ ನುಡಿಗಟ್ಟೇ ಅವರಲ್ಲಿದೆ. ಅಡಿಲೇಡ್‌ನ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ನಾರ್ಮನ್ ಫೆದರ್ 1989ರಲ್ಲಿ ಇದನ್ನು ಅಳೆದು ನೋಡಿದರು. ಸಾಧಾರಣ ವಿದ್ಯಾರ್ಥಿ ಬಿದ್ದಾಗ ಆಗುವುದಕ್ಕಿಂತ ಮೊದಲಿಗ ಬಿದ್ದಾಗ ಹೆಚ್ಚು ಸಮಾಧಾನವಾಗುತ್ತದೆ ಎಂಬುದು ಹೊರಬಿತ್ತು. ಆದರೆ ಮೊದಲಿಗ ಪಾತಾಳಕ್ಕೆ ಬೀಳುವುದು ಯಾರಿಗೂ ಬೇಕಿರಲಿಲ್ಲ, ತಮ್ಮ ಮಟ್ಟಕ್ಕೆ ಇಳಿದರೆ ಸಾಕಿತ್ತು. ನಿಮ್ಮ ಮಗಳು ಹೇಳಿದ 3 ನೆನಪಾಗುತ್ತದೆಯೇ? ಮುಂದೆ 1993ರಲ್ಲಿ ಅವರೂ ಇನ್ನೊಬ್ಬರೂ ಸೇರಿ ಆಸ್ಟ್ರೇಲಿಯಾ ಮತ್ತು ಜಪಾನಿನ ಕಾಲೇಜು ವಿದ್ಯಾರ್ಥಿಗಳನ್ನು ಹೋಲಿಸಿದಾಗ, ಎತ್ತರದ ಗಿಡ ಬೀಳಲಿ ಎಂಬ ಭಾವನೆ ಜಪಾನಿನವರಲ್ಲೇ ಹೆಚ್ಚಿತ್ತು. ಹೊರಗೆ ಚಾಚಿದ ಮೊಳೆಗೆ ಸುತ್ತಿಗೆಯೇಟು ಎಂಬ ಗಾದೆ ಅವರದೇ. ಹಣ್ಣಿರುವ ಮರಕ್ಕೇ ಕಲ್ಲು ಎಂಬುದು ನಮ್ಮದು.

ಚೀನಾದ ಕಥೆ ಹೆಚ್ಚು ಕುತೂಹಲದ್ದು. ಶಾಂಘೈ ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿ ಚೆನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದಿನಲ್ಲಿ ಮುಂದಿರುವುದೂ ಸಹಪಾಠಿಗಳ ಮೆಚ್ಚುಗೆ ಪಡೆಯುವುದೂ ಒಂದಕ್ಕೊಂದು ಒತ್ತಾಸೆಯಾಗಿದ್ದವು. ಅಲ್ಲಿನ ಮಕ್ಕಳ ಆಡುಮಾತಿನಲ್ಲಿ ಮೊದಲಿಗನಿಗೆ ‘ಶ್ಯುಎಬಾ’ ಎಂಬ ಹೆಸರು, ಓದಿನ ಸಾಮ್ರಾಟ ಎನ್ನಬಹುದು. ಅಸೂಯೆ ಬೆರೆತರೂ ಮೆಚ್ಚುಗೆಯ ಪದ. ಆದರೆ 2020ರ ಆಸುಪಾಸಿನಿಂದ ಇನ್ನೊಂದು ಪದ ಹಬ್ಬಿದೆ: ‘ನೇಜ್ಯುಆನ್’. ಎಲ್ಲರೂ ಹೆಚ್ಚು ಹೆಚ್ಚು ದುಡಿದೂ ಯಾರೂ ಮುಂದೆ ಹೋಗದ ಸುತ್ತಾಟ ಎಂಬ ಅರ್ಥ. ಎಲ್ಲರಿಗಿಂತ ಹೆಚ್ಚು ದುಡಿದು ಉಳಿದವರ ಮೇಲೂ ಒತ್ತಡ ತರುವವನಿಗೆ ಆ ಸುತ್ತಾಟದ ರಾಜ ಎಂದು ಅಡ್ಡಹೆಸರು. ಇದು ಚೀನೀ ವೇಷದ ಸ್ಟ್ರೇಬರ್ ಅಲ್ಲದೆ ಇನ್ನೇನು? ಅದೇ ಸಂಸ್ಕೃತಿ, ಅದೇ ಗುರುಭಕ್ತಿ. ಸ್ಥಾನಗಳು ಸೀಮಿತ, ಪಕ್ಕದವನ ದುಡಿಮೆಯಿಂದ ನನಗೆ ನಷ್ಟ ಎಂಬ ಅನುಭವ ಹೆಚ್ಚಾದಾಗ ಬೈಗುಳ ಹುಟ್ಟಿಕೊಂಡಿತು.

ಸಂಸ್ಕೃತಿಗೆ ಏನೂ ಪಾತ್ರವಿಲ್ಲ ಎನ್ನುತ್ತಿಲ್ಲ. ಓದಿನಲ್ಲಿ ಮುಂದೆ ಹೋಗುವುದೆಂದರೆ ನಮ್ಮವರನ್ನು ಬಿಟ್ಟು ಅವರ ಕಡೆ ಸೇರುವುದು ಎಂಬ ಅರ್ಥ ಬರುವ ಕಡೆ ಅದರ ಪಾತ್ರ ದೊಡ್ಡದು. ಅಮೆರಿಕದಲ್ಲಿ ಚೆನ್ನಾಗಿ ಓದುವ ಕರಿಯ ಮಕ್ಕಳನ್ನು ಅವರದೇ ಗೆಳೆಯರು ‘ಬಿಳಿಯರಂತೆ ಆಡುತ್ತಾನೆ’ ಎಂದು ಹಂಗಿಸುತ್ತಾರೆ ಎಂಬ ಚರ್ಚೆ 1986ರಿಂದ ನಡೆದಿದೆ. ಹಾರ್ವರ್ಡ್‌ನ ರೋಲಂಡ್ ಫ್ರೈಯರ್ ದೇಶದಾದ್ಯಂತದ ಪ್ರೌಢಶಾಲಾ ಮಕ್ಕಳ ಗೆಳೆತನದ ಮಾಹಿತಿಯನ್ನು 2006ರಲ್ಲಿ ಬಿಡಿಸಿ ನೋಡಿದಾಗ, ಬಿಳಿಯ ಮಕ್ಕಳಿಗೆ ಅಂಕದೊಂದಿಗೆ ಜನಪ್ರಿಯತೆಯೂ ಏರುತ್ತಿತ್ತು. ಕರಿಯ ಮಕ್ಕಳಿಗೆ ಒಂದು ಮಟ್ಟದ ನಂತರ ಇಳಿಯುತ್ತಿತ್ತು. ಲ್ಯಾಟಿನ್ ಅಮೆರಿಕ ಮೂಲದವರಿಗೆ ಇನ್ನೂ ಬೇಗ ಇಳಿಯುತ್ತಿತ್ತು. ಆದರೆ ಬಹುಪಾಲು ಕರಿಯರೇ ಇರುವ ಶಾಲೆಗಳಲ್ಲಿ ಈ ದಂಡ ಕಾಣಲಿಲ್ಲ. ಬೆರೆತ ಶಾಲೆಗಳಲ್ಲೇ, ಎರಡು ಪಾಳಯಗಳು ಎದುರಾಬದುರಾಗಿರುವಲ್ಲೇ ಕಂಡಿತು. ಉತ್ತರ ಕೆರೊಲಿನಾದ ಶಾಲೆಗಳಲ್ಲಿ ಕುಳಿತು ನೋಡಿದ ಕ್ಯಾರೊಲಿನ್ ಟೈಸನ್ ಮತ್ತಿತರರು ಇದನ್ನು ಕರಿಯರ ಗುಣ ಎನ್ನುವುದನ್ನೇ ತಿರಸ್ಕರಿಸಿದರು. ಬಡ ಬಿಳಿಯ ಮಕ್ಕಳೂ ‘ದೊಡ್ಡವರ ಮಕ್ಕಳಂತೆ ಆಡುತ್ತೀಯ’ ಎಂಬ ಮಾತು ಕೇಳುತ್ತಿದ್ದರು.

ನಮ್ಮ ನೆಲದ ಒಂದು ಪ್ರಯೋಗವನ್ನೂ ಸೇರಿಸುತ್ತೇನೆ, ಏಕೆಂದರೆ ಫ್ಲೆಕ್ಸ್ ಎಲ್ಲರಿಗೂ ಕಟ್ಟುವುದಿಲ್ಲ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ಚಕ್ರವ್ಯೂಹದಂತಹ ಒಗಟುಗಳನ್ನು ಬಿಡಿಸಲು ಕೊಟ್ಟರು. ಜಾತಿ ಹೇಳದಿದ್ದಾಗ ದಲಿತ ಹುಡುಗರೂ ಮೇಲ್ಜಾತಿಯ ಹುಡುಗರೂ ಸಮನಾಗಿ ಬಿಡಿಸಿದರು. ಎಲ್ಲರ ಮುಂದೆ ಹೆಸರು, ಜಾತಿ ಕೂಗಿ ಹೇಳಿದ ನಂತರ ದಲಿತ ಹುಡುಗರ ಸಾಧನೆ ಕುಸಿಯಿತು. ಕೋಣೆಯಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದು ಕೈಯ ಪೆನ್ಸಿಲ್ಲಿನವರೆಗೂ ಇಳಿಯುತ್ತದೆ.

ನಿಮ್ಮ ಮಗಳು ತರಗತಿಯಲ್ಲಿ ಭಾರತದವಳು ಎಂದೇ ಗುರುತಾಗಿರಬಹುದು. ‘ನಿಮ್ಮವರೆಲ್ಲ ಗಣಿತದಲ್ಲಿ ಹಾಗೆಯೇ’ ಎಂಬ ಮಾತು ಹೊಗಳಿಕೆಯಂತೆ ಕೇಳಿಸಿದರೂ ಅವಳ ಶ್ರಮವನ್ನು ಅಳಿಸುತ್ತದೆ, ಅವಳನ್ನು ಗುಂಪಿನಿಂದ ಒಂದು ಹೆಜ್ಜೆ ಹೊರಗೂ ಇಡುತ್ತದೆ. ಅಂಥ ಮಾತು ಬಿದ್ದಿದೆಯೇ ಎಂದು ಕೇಳಿ ನೋಡಿ.

ಗಂಡಾಗಿದ್ದರೆ ಎಂಬ ನಿಮ್ಮ ಪ್ರಶ್ನೆ ನನಗೆ ತುಂಬ ಹಿಡಿಸಿತು. 1968ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮಟೀನಾ ಹಾರ್ನರ್ ಎಂಬ ಸಂಶೋಧಕಿ ಯುವತಿಯರಿಗೆ ಒಂದು ಸಾಲು ಕೊಟ್ಟು ಕಥೆ ಮುಂದುವರಿಸಲು ಹೇಳಿದರು: ಮೊದಲ ಪರೀಕ್ಷೆಯ ನಂತರ ಆ್ಯನ್ ವೈದ್ಯಕೀಯ ತರಗತಿಗೆ ಮೊದಲಿಗಳಾಗಿದ್ದಾಳೆ. ಯುವಕರಿಗೆ ಅದೇ ಸಾಲು, ಹೆಸರು ಮಾತ್ರ ಜಾನ್. ಸುಮಾರು ಶೇಕಡಾ 65ರಷ್ಟು ಯುವತಿಯರ ಕಥೆಗಳಲ್ಲಿ ಆ್ಯನ್‌ಗೆ ಕೇಡು ಕಾದಿತ್ತು: ಗೆಳೆಯರಿಲ್ಲ, ಮುಖದಲ್ಲಿ ಮೊಡವೆ, ಮದುವೆಯಾಗುವುದಿಲ್ಲ. ಒಂದು ಕಥೆಯಲ್ಲಂತೂ ಅವಳು ಬೇಕೆಂದೇ ತನ್ನ ಅಂಕ ಇಳಿಸಿಕೊಂಡು ಗೆಳೆಯನನ್ನು ಮೇಲೆತ್ತುತ್ತಾಳೆ. ಜಾನ್‌ನ ಕಥೆಗಳಲ್ಲಿ ಅಂಥದ್ದು ಕಂಡದ್ದು ಶೇಕಡಾ 10ಕ್ಕೂ ಕಡಿಮೆ. ಹೆಂಗಸರ ಮನಸ್ಸಿನೊಳಗೆ ಯಶಸ್ಸಿನ ಭಯವಿದೆ ಎಂದು ಹಾರ್ನರ್ ಅರ್ಥ ಮಾಡಿದರು, ಪತ್ರಿಕೆಗಳು ಅದನ್ನು ಹಬ್ಬದಂತೆ ಆಚರಿಸಿದವು. 1974ರಲ್ಲಿ ಇತರರು ಹದಿಹರೆಯದ ಹುಡುಗಿಯರಿಗೂ ಹುಡುಗರಿಗೂ ಎರಡೂ ಹೆಸರುಗಳನ್ನು ಕೊಟ್ಟು ನೋಡಿದಾಗ ಚಿತ್ರ ತಲೆಕೆಳಗಾಯಿತು: ಆ್ಯನ್‌ಗೆ ಕೇಡು ಬರೆದವರಲ್ಲಿ ಹುಡುಗರು ಹುಡುಗಿಯರಿಗಿಂತ ಮುಂದಿದ್ದರು. ಭಯ ಹೆಣ್ಣಿನ ಮನಸ್ಸಿನಲ್ಲಿ ಹುಟ್ಟಿದ್ದಲ್ಲ. ಆ್ಯನ್‌ಗೆ ಏನು ಕಾದಿದೆ ಎಂದು ಊರಿಗೆಲ್ಲ ಗೊತ್ತಿತ್ತು, ಹುಡುಗಿಯರಿಗೂ ಗೊತ್ತಿತ್ತು, ಅಷ್ಟೇ.

ಅದು ಅರ್ಧ ಶತಮಾನದ ಹಿಂದಿನ ಮಾತು. ಇಂದಿನ ರೂಪ ಸೂಕ್ಷ್ಮ. ಅಮೆರಿಕದ ಮಕ್ಕಳಲ್ಲಿ ಬಿಯಾನ್, ಲೆಸ್ಲಿ, ಸಿಂಪಿಯಾನ್ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಐದು ವರ್ಷದ ಹುಡುಗಿಯರು ತಮ್ಮವರನ್ನೂ ತುಂಬಾ ತುಂಬಾ ಜಾಣರು ಎನ್ನುತ್ತಾರೆ. ಆರು, ಏಳಕ್ಕೆ ಬರುವಷ್ಟರಲ್ಲಿ ಹಾಗೆನ್ನುವುದು ಕಡಿಮೆಯಾಗುತ್ತದೆ, ಜಾಣರಿಗೆಂದು ಹೇಳಿದ ಆಟದಿಂದಲೂ ಹಿಂದೆ ಸರಿಯುತ್ತಾರೆ. ಹುಡುಗ ಬುದ್ಧಿವಂತ, ಹುಡುಗಿ ಶ್ರಮಜೀವಿ ಎಂಬ ಹಂಚಿಕೆ ಅಷ್ಟು ಬೇಗ ಆಗಿಬಿಡುತ್ತದೆ. ಬೈಗುಳ ಬೀಳುವುದು ಶ್ರಮದ ಮೇಲೆ ಎಂದು ಆಗಲೇ ಹೇಳಿದೆನಲ್ಲ, ಈಗ ಎರಡನ್ನೂ ಜೋಡಿಸಿ. ಲಾಸ್ ಏಂಜಲೀಸ್ ಬಳಿಯ ಒಂದು ಮಾಧ್ಯಮಿಕ ಶಾಲೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕುಳಿತು ನೋಡಿದ ಮಿಶೆಲಾ ಮುಸ್ಟೊ 2019ರಲ್ಲಿ ಬರೆದದ್ದು: ಮೇಲ್ಮಟ್ಟದ ತರಗತಿಗಳಲ್ಲಿ ಹುಡುಗರು ಮಧ್ಯೆ ಬಾಯಿ ಹಾಕಿದರೂ ಶಿಕ್ಷಕರು ಬಿಟ್ಟುಕೊಡುತ್ತಿದ್ದರು, ಕ್ರಮೇಣ ಸಹಪಾಠಿಗಳ ಕಣ್ಣಿನಲ್ಲಿ ಅವರೇ ಅಸಾಧಾರಣ ಬುದ್ಧಿವಂತರಾದರು.

ಇಂಗ್ಲೆಂಡಿನ ಬೆಕಿ ಫ್ರಾನ್ಸಿಸ್ ಓದಿನಲ್ಲೂ ಮುಂದೆ, ಜನಪ್ರಿಯತೆಯಲ್ಲೂ ಮುಂದೆ ಇರುವ ಮಕ್ಕಳನ್ನೇ ಹುಡುಕಿ ನೋಡಿದವರು. ಆ ಮಕ್ಕಳು ಎರಡನ್ನೂ ನಿಭಾಯಿಸುತ್ತಿದ್ದದ್ದು ಓದಿನಾಚೆಯ ಬಂಡವಾಳದಿಂದ: ಹುಡುಗರು ಕ್ರೀಡೆ ಮತ್ತು ತಮಾಷೆಯಿಂದ, ಹುಡುಗಿಯರು ರೂಪ ಮತ್ತು ಉಡುಪಿನಿಂದ. ಹಾಗಾಗಿ ನಿಮಗೆ ಮಗನಿದ್ದಿದ್ದರೆ ಅವನನ್ನೂ ಸ್ಟ್ರೇಬರ್ ಎನ್ನುತ್ತಿದ್ದರು. ಫುಟ್‌ಬಾಲ್ ಬಾರದಿದ್ದರೆ ಇನ್ನೂ ಕಟುವಾಗಿ ಅನ್ನುತ್ತಿದ್ದರು. ಆದರೆ ಒಂದು ಗೋಲು ಹೊಡೆದು, ಶಿಕ್ಷಕರ ಬಗ್ಗೆ ಒಂದು ಜೋಕು ಹೊಡೆದು ಆ ಹೆಸರಿನಿಂದ ತಪ್ಪಿಸಿಕೊಳ್ಳುವ ದಾರಿ ಅವನಿಗಿತ್ತು. ನಿಮ್ಮ ಮಗಳ ಮುಂದಿರುವ ದಾರಿಗಳು ಹೆಚ್ಚು ದುಬಾರಿ, ಅವುಗಳಲ್ಲಿ ಅತ್ಯಂತ ಅಗ್ಗದ್ದು ಮೌನ. ಅವಳು ಅದನ್ನೇ ಆರಿಸಿಕೊಂಡಿದ್ದಾಳೆ.

ಊರಿನ ಹೆಣ್ಣುಮಕ್ಕಳ ಕಥೆ ಹೇಳದೆ ಈ ಮಾತು ಮುಗಿಯುವುದಿಲ್ಲ. ಕರ್ನಾಟಕದ 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 81.11 ಹುಡುಗಿಯರು ಉತ್ತೀರ್ಣರಾದರು, ಹುಡುಗರು ಶೇಕಡಾ 65.90. ‘ಬಾಲಕಿಯರೇ ಮೇಲುಗೈ’ ಎಂಬ ಶೀರ್ಷಿಕೆಯ ಅಚ್ಚನ್ನು ಪತ್ರಿಕಾ ಕಚೇರಿಗಳು ಎಸೆಯದೆ ಇಟ್ಟುಕೊಂಡಿರಬೇಕು, ಪ್ರತಿ ವರ್ಷ ಬೇಕಾಗುತ್ತದೆ. ಅದೇ ದೇಶದ ಐಐಟಿಗಳಲ್ಲಿ ಹುಡುಗಿಯರ ಪಾಲು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ ಇತ್ತು. 2018ರಿಂದ ಅವರಿಗಾಗಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಬೇಕಾಯಿತು. ನಡುವೆ ಏನಾಯಿತು ಎಂದರೆ, ಹತ್ತನೇ ತರಗತಿಯ ಹುಡುಗಿಗೆ ಸಿಹಿ ಹಂಚಿದ ಮನೆಯೇ ದೂರದ ಕೋಚಿಂಗಿನ ಹಣ ಕಟ್ಟುವಾಗ ಹುಡುಗನ ಕಡೆ ತಿರುಗುತ್ತದೆ. ಸಹಪಾಠಿಗಳು ಇದನ್ನೆಲ್ಲ ನೋಡುತ್ತಲೇ ಬೆಳೆಯುತ್ತಾರೆ. ಹುಡುಗಿಯ ಮೊದಲ ರ‍್ಯಾಂಕ್ ನಮ್ಮಲ್ಲಿ ಯಾರನ್ನೂ ಅಷ್ಟಾಗಿ ಚುಚ್ಚದಿರುವುದಕ್ಕೆ, ಅದು ಮುಂದೆ ಎಲ್ಲಿಗೂ ಹೋಗುವುದಿಲ್ಲ ಎಂಬ ಸಮಾಧಾನವೂ ಒಂದು ಕಾರಣವಿರಬಹುದು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಫ್ಲೆಕ್ಸ್‌ಗೂ ತೆರಬೇಕಾದ ಬೆಲೆಯಿದೆ. ನಾನು ಏಳನೇ ತರಗತಿಯಲ್ಲಿ ಮೊದಲಿಗಳಾಗಿದ್ದೆ ಎಂಬ ಒಂದೇ ತಪ್ಪಿಗೆ ಮಾನಿಟರ್ ಮಾಡಿದ್ದರು. ಶಿಕ್ಷಕರು ಹೊರಗೆ ಹೋದಾಗ ಮಾತನಾಡಿದವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ, ಅವರು ಬಂದು ಆ ಹೆಸರಿನವರಿಗೆ ಬೆತ್ತ ಬೀಸುವುದು ಅವರ ಕೆಲಸ. ‘ಇವಳನ್ನು ನೋಡಿ ಕಲಿಯಿರಿ’ ಎಂಬ ಮಾತು ಬೇರೆ. ಆ ವರ್ಷ ನನ್ನ ಜೊತೆ ಬುತ್ತಿ ಹಂಚಿಕೊಂಡವರು ಒಬ್ಬರೇ. ಅಂಕಕ್ಕಾಗಿ ಯಾರೂ ನನ್ನನ್ನು ದ್ವೇಷಿಸಲಿಲ್ಲ; ಸೀಮೆಸುಣ್ಣಕ್ಕಾಗಿ ದ್ವೇಷಿಸಿದರು, ಅದು ನ್ಯಾಯವೇ ಆಗಿತ್ತು.

ಇನ್ನು ಏನು ಮಾಡುವುದು. ಅಂಕ ಮುಚ್ಚಿಡು ಎಂದು ನೀವು ಹೇಳಬೇಡಿ. ಅವಳಾಗಿ ಮುಚ್ಚಿಟ್ಟರೆ ಅದು ಅವಳ ಉಪಾಯ. ತಾಯಿಯೇ ಹೇಳಿದರೆ ಅದು ತೀರ್ಪಾಗುತ್ತದೆ. ಹಾಗೆಂದು 3 ಎಂದ ಸುಳ್ಳನ್ನು ದೊಡ್ಡ ಪಂಚಾಯಿತಿ ಮಾಡುವುದೂ ಬೇಡ. ಕೇಳಿದವರಿಗೆಲ್ಲ ಅಂಕ ಹೇಳಲೇಬೇಕು ಎಂಬ ಕಾನೂನಿಲ್ಲ, ‘ಚೆನ್ನಾಗಿಯೇ ಬಂತು, ನಿನ್ನದು ಹೇಗಾಯಿತು?’ ಎಂದು ತಿರುಗಿ ಕೇಳಬಹುದು ಎಂದು ಹೇಳಿಕೊಡಿ. ಸುಳ್ಳೂ ಅಲ್ಲ, ಮೆರೆದಾಟವೂ ಅಲ್ಲ. ಜರ್ಮನಿಯಲ್ಲೇ ಕಾಟ್ರಿನ್ ರೆಂಟ್ಷ್ ಮತ್ತಿತರರು ಎಂಟನೇ ತರಗತಿಯ ಮಕ್ಕಳಿಗೆ ಕಾಲ್ಪನಿಕ ಸಹಪಾಠಿಗಳ ವಿವರಣೆ ಕೊಟ್ಟು ಯಾರು ಇಷ್ಟ ಎಂದು ಕೇಳಿದ್ದಾರೆ. ಹೆಚ್ಚು ಅಂಕ ತೆಗೆದೂ ಮೆರೆಯದವರನ್ನು ಮಕ್ಕಳು ಒಪ್ಪಿಕೊಂಡರು. ಕೊಚ್ಚಿಕೊಂಡವರನ್ನೂ ಸ್ಟ್ರೇಬರ್ ಎಂಬ ಹಣೆಪಟ್ಟಿ ಬಿದ್ದವರನ್ನೂ ದೂರವಿಟ್ಟರು. ಆದರೆ ಈ ಫಲಿತಾಂಶವನ್ನು ಹೆಣ್ಣುಮಗುವಿಗೆ ‘ತಗ್ಗಿ ಬಗ್ಗಿ ನಡೆ’ ಎಂಬ ಹಳೆಯ ಉಪದೇಶವಾಗಿ ಕೊಡಬೇಡಿ. ನಮ್ಮ ಮನೆಗಳಲ್ಲಿ ಅದಕ್ಕೆ ಕೊರತೆಯಿಲ್ಲ.

‘ಹೊಟ್ಟೆಕಿಚ್ಚು’ ಎಂಬ ನಿಮ್ಮ ಪತಿಯ ಮಾತನ್ನು ದಯವಿಟ್ಟು ನಿಲ್ಲಿಸಲು ಹೇಳಿ. ಒಬ್ಬಿಬ್ಬರ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಇಪ್ಪತ್ತನಾಲ್ಕು ಮಕ್ಕಳೂ ಅಸೂಯೆಯವರು ಎಂದು ನಂಬಿದ ಹುಡುಗಿ ಅವರಲ್ಲಿ ಗೆಳತಿಯನ್ನು ಹುಡುಕುವುದಿಲ್ಲ. ಅವಳಿಗೆ ಇಡೀ ತರಗತಿಯ ಮೆಚ್ಚುಗೆ ಬೇಕಾಗಿಲ್ಲ. ಇಬ್ಬರು ಗೆಳತಿಯರು ಸಾಕು, ಮತ್ತು ಪ್ರಶ್ನೆ ಕೇಳುವುದೇ ಸಹಜವಾಗಿರುವ ಒಂದು ಜಾಗ: ಗಣಿತ ಬಳಗವೋ, ಸಂಗೀತವೋ, ಚದುರಂಗವೋ. ಲಾಸ್ ಏಂಜಲೀಸ್‌ನ ಮಕ್ಕಳನ್ನು ನೆನಪಿಸಿಕೊಳ್ಳಿ. ಅದೇ ಮಗು ಬೇರೆ ಕೋಣೆಯಲ್ಲಿ ಬೇರೆಯಾಗಿತ್ತು.

ಮನೆಯ ಕೋಣೆಯನ್ನೂ ಒಮ್ಮೆ ನೋಡಿಕೊಳ್ಳಿ. ಅವಳ ಅಂಕಪಟ್ಟಿಯ ಚಿತ್ರ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತಿದೆಯೇ? ಅಣ್ಣನ ಮಗನ ರ‍್ಯಾಂಕ್ ಊಟದ ಹೊತ್ತಿನ ಮಾತಾಗುತ್ತಿದೆಯೇ? ಹಾಗಿದ್ದರೆ ಅವಳು ಶಾಲೆಯಲ್ಲಿ ಹೆಚ್ಚಾಗಿ, ಮನೆಯಲ್ಲಿ ಕಡಿಮೆಯಾಗಿ, ಎರಡೂ ಕಡೆ ತಪ್ಪು ಅಳತೆಯವಳಾಗಿದ್ದಾಳೆ.

ಆ ಹುಡುಗನ ತಾಯಿಗೆ ಪತ್ರ ಬರೆಯಬೇಡಿ, ಈಗಲೇ ಬೇಡ. ಪತ್ರ ತಲುಪಿದ ಮರುದಿನ ನಿಮ್ಮ ಮಗಳು ಸ್ಟ್ರೇಬರಿನ್ ಜೊತೆಗೆ ಚಾಡಿಕೋರಳೂ ಆಗುತ್ತಾಳೆ. ಪೋಷಕರ ಭೇಟಿಯ ದಿನದವರೆಗೆ ಕಾಯದೆ ತರಗತಿಯ ಶಿಕ್ಷಕರಿಗೆ ಸಮಯ ಕೇಳಿ. ಹೋದಾಗ ದೂರು ಹೇಳದೆ ಎರಡು ಕೆಲಸದ ಮಾತು ಕೇಳಿ: ಬಾಯಿಮಾತಿನ ಅಂಕವನ್ನು ಗುಂಪು ಚಟುವಟಿಕೆಯಿಂದಲೋ ತಯಾರಿಸಿದ ಭಾಷಣದಿಂದಲೋ ಗಳಿಸುವ ಅವಕಾಶವಿದೆಯೇ, ಮತ್ತು ಕೈ ಎತ್ತಿದವರನ್ನಷ್ಟೇ ಕೇಳುವ ಬದಲು ಅವರಾಗಿಯೇ ಹೆಸರು ಹಿಡಿದು ಕೇಳಬಹುದೇ. ಹೆಸರು ಹಿಡಿದು ಕೇಳಿದಾಗ ಉತ್ತರ ಹೇಳಿದವಳನ್ನು ಯಾರೂ ಸ್ಟ್ರೇಬರಿನ್ ಎನ್ನಲಾರರು. ಅವಳು ಕೈ ಎತ್ತಿರಲಿಲ್ಲವಲ್ಲ. ಇಡೀ ತರಗತಿಯ ಮುಂದೆ ಅವಳನ್ನು ಹೊಗಳಬೇಡಿ ಎಂದೂ ವಿನಂತಿಸಿ.

ಬೆಳಿಗ್ಗೆ ಹೊಟ್ಟೆನೋವು, ನಿದ್ದೆಗೇಡು, ಶಾಲೆಗೆ ಹೋಗಲಾರೆ ಎಂಬ ಹಟ, ಫೋನಿನಲ್ಲಿ ಸಂದೇಶ ಬಂದ ಕೂಡಲೇ ಮುಖ ಕಪ್ಪಿಡುವುದು, ವಸ್ತುಗಳು ಕಾಣೆಯಾಗುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ಲೆಕ್ಕ ಬೇರೆ. ಆಗ ಅದು ಗೇಲಿಯ ಗಡಿ ದಾಟಿದೆ. ನೀವಿರುವ ಜರ್ಮನ್ ರಾಜ್ಯದ ಶಾಲೆಗಳಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾತನಾಡಲು ‘ಫೆರ್ಬಿಂಡುಂಗ್ಸ್‌ಲೇರರ್’ ಎಂಬ ಹೊಣೆಯ ಶಿಕ್ಷಕರಿರುತ್ತಾರೆ, ಅನೇಕ ಕಡೆ ಶಾಲಾ ಸಮಾಜ ಕಾರ್ಯಕರ್ತರೂ ಇದ್ದಾರೆ. ಮಗಳಿಗೆ ಹೇಳಿಯೇ, ಅವಳ ಒಪ್ಪಿಗೆ ಪಡೆದೇ ಅವರ ಬಳಿ ಹೋಗಿ. ಹುಡುಗನ ತಾಯಿಗೆ ಹೇಳುವ ಅಗತ್ಯ ಬಿದ್ದರೆ ಅದನ್ನು ಶಾಲೆಯೇ ಹೇಳಲಿ.